ಒರಟು ಕೆಲಸಕ್ಕೊಂದು ಗಟ್ಟಿ ಕತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟ, ಗದ್ದೆ, ಕೊಟ್ಟಿಗೆ, ಗೋದಾಮು, ಕಾಡುದಾರಿ, ಹೀಗೆ ದಿನವೂ ಕತ್ತಿ ಹಿಡಿಯುವ ಕಡೆಗಳಿಂದ ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಎಲ್ಲ ಉತ್ತರಗಳ ಅಡಿಯಲ್ಲೂ ಒಂದೇ ನಂಬಿಕೆ ಇದೆ. ಮೊಂಡಾದ ಕತ್ತಿಯನ್ನು ಹತ್ತು ನಿಮಿಷದಲ್ಲಿ ಮಸೆದುಕೊಳ್ಳಬಹುದು, ಮುರಿದ ಕತ್ತಿಗೆ ಹೊಲದ ನಡುವೆ ದಾರಿಯಿಲ್ಲ. ಹಾಗಾಗಿ ಹರಿತ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳುವ ಮೊದಲು ಪೆಟ್ಟು ಎಷ್ಟು ತಾಳುತ್ತದೆ ಎಂದು ಕೇಳಬೇಕು.

## ಶುರುವಿನ ಪ್ರಶ್ನೆಗಳು

ಒಂದೇ ಒಂದು ಕತ್ತಿ ತಗೊಳ್ಳೋದಾದ್ರೆ ಯಾವುದು ತಗೊಳ್ಳಲಿ?

ನಿಮ್ಮ ಕೆಲಸದಲ್ಲಿ ಕಡಿಯುವುದು ಹೆಚ್ಚೋ ಕೊಯ್ಯುವುದು ಹೆಚ್ಚೋ ನೋಡಿಕೊಳ್ಳಿ. ಕೈ ಬೀಸಿ ಹೊಡೆದರೆ ಕಡಿಯುವುದು, ಒತ್ತಿ ಎಳೆದರೆ ಕೊಯ್ಯುವುದು. ಹೆಬ್ಬೆರಳಿಗಿಂತ ದಪ್ಪದ ಕೊಂಬೆ, ಬಾಳೆ ಬೊಡ್ಡೆ, ಎಳನೀರು, ಬೇಲಿ ಗೂಟ ದಿನದ ಕೆಲಸವಾದರೆ 9ರಿಂದ 11 ಇಂಚು ಅಲಗಿನ, 450ರಿಂದ 650 ಗ್ರಾಂ ತೂಕದ, ಲಾರಿಯ ಕಮಾನು ಪಟ್ಟಿಯಿಂದ (ಸ್ಪ್ರಿಂಗ್ ಪ್ಲೇಟಿನಿಂದ) ಬಡಿದು ಮಾಡಿದ ಕತ್ತಿ ಬೇಕು. ಹಗ್ಗ, ಗೋಣಿಚೀಲ, ಹನಿ ನೀರಾವರಿಯ ಪೈಪು, ಟಾರ್ಪಾಲು, ರಟ್ಟಿನ ಪೆಟ್ಟಿಗೆಯೇ ಹೆಚ್ಚಾದರೆ 4 ಇಂಚಿನ, ಮಡಚದ ಚೂರಿ ಸಾಕು. ಬೆನ್ನಿನ ದಪ್ಪ 3ರಿಂದ 4 ಮಿ.ಮೀ. ಇರಲಿ.

ಎರಡಕ್ಕೂ ಒಂದೇ ಆಗಲಿ ಎಂದು 6-7 ಇಂಚಿನದನ್ನು ಕೊಳ್ಳುವವರು ತುಂಬ ಮಂದಿ. ಅದು ಕಡಿಯಲು ಹಗುರ, ಕೊಯ್ಯಲು ಉದ್ದ. ಅದೇ ದುಡ್ಡಿನಲ್ಲಿ ಕುಲುಮೆಯ ಕತ್ತಿ ಒಂದು, ಸಾಧಾರಣ ಚೂರಿ ಒಂದು ಕೊಂಡರೆ ಎರಡೂ ಕೆಲಸ ಸಲೀಸು.

ಮಚ್ಚು, ಕತ್ತಿ, ಚೂರಿ, ಕುಡುಗೋಲು ಎಲ್ಲ ಬೇರೆ ಬೇರೆನಾ?

ಹೆಸರು ಊರಿನಿಂದ ಊರಿಗೆ ಬದಲಾಗುತ್ತದೆ, ಆಕಾರ ನೋಡಿ ಮಾತಾಡುವುದೇ ಕ್ಷೇಮ. ಹಳೇ ಮೈಸೂರಿನ ಕಡೆ ಎಳನೀರು ಕೆತ್ತುವ, ಮೂತಿ ಭಾರದ ಅಲಗನ್ನು ಮಚ್ಚು ಎನ್ನುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಕತ್ತಿ ಎಂದರೆ ತುದಿ ಒಳಕ್ಕೆ ಬಾಗಿದ, ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಅಲಗು. ಆ ಬಾಗು ಸುಮ್ಮನೆ ಬಂದದ್ದಲ್ಲ. ಕೊಂಬೆಯನ್ನು ತನ್ನತ್ತ ಎಳೆದು ಹಿಡಿಯುತ್ತದೆ, ಪೆಟ್ಟು ಜಾರಲು ಬಿಡುವುದಿಲ್ಲ, ಮೂತಿ ನೆಲದ ಕಲ್ಲಿಗೆ ತಾಗುವುದನ್ನೂ ಕಡಿಮೆ ಮಾಡುತ್ತದೆ. ಕುಡುಗೋಲು ಹುಲ್ಲು ಮತ್ತು ಪೈರಿನದು, ತೆಳು. ಅದರಲ್ಲಿ ಕಟ್ಟಿಗೆ ಕಡಿದರೆ ಮೊದಲ ವಾರದಲ್ಲೇ ತಿರುಚಿಕೊಳ್ಳುತ್ತದೆ. ಕೊಡಗಿನ ಒಡಿಕತ್ತಿ ಅಗಲ ಅಲಗಿನ ಯುದ್ಧದ ಕತ್ತಿ. ಇಂದಿಗೂ ಕೊಡವರ ಮದುವೆಯಲ್ಲಿ ಬಾಳೆ ಬೊಡ್ಡೆ ಕಡಿಯುವ ಶಾಸ್ತ್ರ ನಡೆಯುವುದು ಅದರಿಂದಲೇ. ಮೂತಿಯ ಕಡೆ ತೂಕ ಇಟ್ಟ ಅಲಗು ಒಂದೇ ಪೆಟ್ಟಿಗೆ ಎಷ್ಟು ಆಳ ಇಳಿಯುತ್ತದೆ ಎಂದು ನೋಡಬೇಕೆಂದರೆ ಅದನ್ನು ನೋಡಬೇಕು.

ಮಡಚೋ ಚಾಕು ಜೇಬಲ್ಲಿ ಇಡೋಕೆ ಅನುಕೂಲ, ಅದೇ ಸಾಕಾಗಲ್ವಾ?

ಹಗ್ಗ, ಚೀಲಕ್ಕೆ ಸಾಕು. ಒರಟು ಕೆಲಸಕ್ಕೆ ಸಾಲದು. ಮಡಚುವ ಚಾಕುವಿನ ಇಡೀ ಭಾರ ಹೊರುವುದು 3-4 ಮಿ.ಮೀ. ದಪ್ಪದ ಒಂದು ಕೀಲು ಮತ್ತು ಒಂದು ಸಣ್ಣ ಲಾಕು. ಮೇಲಿಂದ ಕೆಳಗೆ ಒತ್ತಿದರೆ ಅವು ತಾಳುತ್ತವೆ. ಪಕ್ಕಕ್ಕೆ ಮೀಟಿದರೆ ಕೀಲು ಸಡಿಲವಾಗುತ್ತದೆ, ಬೆನ್ನಿನ ಮೇಲೆ ಬಡಿದರೆ ಲಾಕು ಜಾರಿ ಅಲಗು ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ಕೆಸರು, ಅಂಟು, ಮರಳು ಕೀಲಿನೊಳಗೆ ಹೋದರೆ ಲಾಕು ಪೂರ್ತಿ ಕೂರುವುದೂ ಇಲ್ಲ. ಜೇಬಿನದೇ ಬೇಕು ಎನ್ನುವವರು ಲಾಕು ಇರುವುದನ್ನೇ ಕೊಳ್ಳಿ, ಕಡಿಯಲು, ಮೀಟಲು, ಸೀಳಲು ಮಾತ್ರ ಬಳಸಬೇಡಿ.

ಅಡುಗೆಮನೆ ಚಾಕುನೇ ತೋಟಕ್ಕೆ ಒಯ್ದರೆ ಏನಾಗುತ್ತೆ?

ಅದರ ಬೆನ್ನು 1.5ರಿಂದ 2 ಮಿ.ಮೀ. ಮಾತ್ರ. ಬಾಯಿಯ, ಅಂದರೆ ಹರಿತದ ಅಂಚಿನ, ಹಿಂದಂತೂ ಕಾಗದದಷ್ಟು ತೆಳು. ತರಕಾರಿಗೆ ಅದೇ ಬೇಕು. ಗಂಟುಳ್ಳ ಕೊಂಬೆಗೆ ಹೊಡೆದರೆ ಬಾಯಿ ಅರ್ಧಚಂದ್ರಾಕಾರದಲ್ಲಿ ಮುಕ್ಕಾಗುತ್ತದೆ ಅಥವಾ ಅಲೆಯಂತೆ ಮಡಚುತ್ತದೆ. ಪ್ಲಾಸ್ಟಿಕ್ ಹಿಡಿಯೊಳಗೆ ಲೋಹ ಎರಡೇ ಇಂಚು ಹೋಗಿರುವ ಚಾಕುಗಳಿವೆ. ಅವು ಬುಡದಲ್ಲೇ ಕಳಚುತ್ತವೆ.

ಸ್ಟೇನ್‌ಲೆಸ್ ಒಳ್ಳೇದೋ, ತುಕ್ಕು ಹಿಡಿಯೋ ಉಕ್ಕೇ ಒಳ್ಳೇದೋ?

ಬೀಸಿ ಕಡಿಯುವ ದೊಡ್ಡ ಕತ್ತಿಗೆ ತುಕ್ಕು ಹಿಡಿಯುವ ಇಂಗಾಲದ ಉಕ್ಕೇ ಸರಿ. ಪೆಟ್ಟು ತಾಳುತ್ತದೆ, ಸಾದಾ ಕಲ್ಲಿನಲ್ಲಿ ಬೇಗ ಹರಿತವಾಗುತ್ತದೆ, ಊರಿನ ಕುಲುಮೆಯಲ್ಲೇ ದುರಸ್ತಿಯಾಗುತ್ತದೆ. ಹಸಿ ಅಡಿಕೆಯ ಚೊಗರು, ಬಾಳೆಯ ರಸ ತಾಗಿ ಅಲಗು ಕಪ್ಪಾದರೆ ಹೆದರಬೇಡಿ. ಆ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಉಜ್ಜಿ ತೆಗೆಯಬೇಕಿಲ್ಲ.

ಚಿಕ್ಕ ಚೂರಿಯ ಲೆಕ್ಕ ಬೇರೆ. ಸಮುದ್ರದ ಗಾಳಿ, ಮೀನಿನ ಕೆಲಸ, ಜೂನ್‌ನಿಂದ ಸೆಪ್ಟೆಂಬರಿನ ಮಳೆ ಇದ್ದ ಕಡೆ ಸ್ಟೇನ್‌ಲೆಸ್ ನೆಮ್ಮದಿ. ಅಲಗಿನ ಮೇಲೆ ಉಕ್ಕಿನ ಹೆಸರು 12ಸಿ27 ಅಥವಾ 14ಸಿ28ಎನ್ ಎಂದು ಬರೆದಿದ್ದರೆ ಒಳ್ಳೆಯ ಆಯ್ಕೆ. ಎರಡರಲ್ಲೂ ಇಂಗಾಲ ಸುಮಾರು 0.6%, ಕ್ರೋಮಿಯಂ ಸುಮಾರು 14%. ತುಕ್ಕು ತಡೆಯುತ್ತವೆ, ಸುಲಭಕ್ಕೆ ಮುಕ್ಕಾಗುವುದಿಲ್ಲ. ಬರೀ 'ಸ್ಟೇನ್‌ಲೆಸ್' ಎಂದಷ್ಟೇ ಅಚ್ಚೊತ್ತಿದ್ದರೆ ಅದು ಚಮಚದ ಉಕ್ಕೂ ಆಗಿರಬಹುದು. ಡಿ2 ಎಂಬ ಉಕ್ಕಿನ ಮೇಲೆ ಈಗ ಅನೇಕರಿಗೆ ಒಲವು. ಅದರ ಹರಿತ ಬಹಳ ದಿನ ನಿಲ್ಲುವುದು ನಿಜ, ಆದರೆ 1.5%ರಷ್ಟು ಇಂಗಾಲ ಇರುವುದರಿಂದ ಪೆಟ್ಟಿಗೆ ಮುಕ್ಕಾಗುವ ಉಕ್ಕು ಅದು. ರಟ್ಟು ಕೊಯ್ಯಲು ಚೆನ್ನ, ಕಟ್ಟಿಗೆ ಕಡಿಯಲು ಬೇಡ.

## ಕೊಳ್ಳುವಾಗ

'ಎಚ್‌ಆರ್‌ಸಿ 62' ಅಂತ ಬರೆದಿದ್ದಾರೆ. ನಂಬರ್ ಜಾಸ್ತಿ ಇದ್ರೆ ಒಳ್ಳೇದು ತಾನೇ?

ಆ ಸಂಖ್ಯೆ ರಾಕ್‌ವೆಲ್ ಅಳತೆಯ ಗಡಸುತನ. ವಜ್ರದ ಮೊನೆಯನ್ನು ನಿಗದಿತ ಭಾರದಲ್ಲಿ ಒತ್ತಿದಾಗ ಅದು ಎಷ್ಟು ಒಳಗಿಳಿಯಿತು ಎನ್ನುವುದರ ಲೆಕ್ಕ. ತಾಳಿಕೆ, ಅಂದರೆ ಮುರಿಯದೆ ಪೆಟ್ಟು ತಾಳುವುದು, ಬೇರೆಯೇ ಗುಣ. ಒಂದೇ ಉಕ್ಕನ್ನು ಹೆಚ್ಚು ಗಡಸು ಮಾಡಿದಷ್ಟೂ ಸಾಮಾನ್ಯವಾಗಿ ಅದರ ತಾಳಿಕೆ ಇಳಿಯುತ್ತದೆ. ಗಾಜು ಉಕ್ಕನ್ನೂ ಗೀರುವಷ್ಟು ಗಡಸಾಗಿರಬಹುದು, ಕೈಜಾರಿದರೆ ಚೂರು.

ಕಡಿಯುವ ಕತ್ತಿಗೆ 54ರಿಂದ 57, ಒರಟು ಚೂರಿಗೆ 57ರಿಂದ 59 ಸಾಕು. 50ಕ್ಕಿಂತ ಕೆಳಗಾದರೆ ಬಾಯಿ ಮಡಚುತ್ತಲೇ ಇರುತ್ತದೆ. 62 ಎನ್ನುವುದು ತೆಳುವಾಗಿ ಹೆಚ್ಚುವ ಅಡುಗೆ ಚಾಕುಗಳ ಸಂಖ್ಯೆ.

ಎಲ್ಲರೂ ಲಾರಿ ಪಟ್ಟಿ ಕತ್ತಿನೇ ತಗೋ ಅಂತಾರಲ್ಲ, ಅದರಲ್ಲೇನಿದೆ ಅಂಥದ್ದು?

ಕಮಾನು ಪಟ್ಟಿಯ ಹುಟ್ಟೇ ಪೆಟ್ಟು ತಿನ್ನಲು. ಲಕ್ಷಾಂತರ ಸಲ ಬಾಗಿ ಮತ್ತೆ ನೆಟ್ಟಗಾಗಬೇಕಾದ ಉಕ್ಕು ಅದು. ಇಂಗಾಲ ಸುಮಾರು 0.5ರಿಂದ 0.65%, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಬಾಯಿ ಹಿಡಿಯಲು ಬೇಕಾದಷ್ಟು ಗಡಸಾಗುತ್ತದೆ, ಮುರಿಯುವಷ್ಟು ಆಗುವುದಿಲ್ಲ. ಹೋಲಿಸಿ ನೋಡಿ: ಸಾದಾ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ 0.2%ರ ಆಸುಪಾಸು, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡಸಾಗುವುದಿಲ್ಲ. ಅರದಲ್ಲಿ 1%ಕ್ಕೂ ಹೆಚ್ಚು. ಹಳೆಯ ಅರದಿಂದ ಮಾಡಿದ ಚೂರಿ ಕ್ಷೌರಕ್ಕಾಗುವಷ್ಟು ಹರಿತವಾದೀತು, ನೆಲಕ್ಕೆ ಬಿದ್ದರೆ ಎರಡು ತುಂಡಾಗಲೂಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಗುಜರಿಯ ಪಟ್ಟಿ ವರ್ಷಗಟ್ಟಲೆ ದುಡಿದು ಬಂದದ್ದು, ಒಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಪಟ್ಟಿಯ ನಡುವಿನ ತೂತಿನ ಸುತ್ತ ಮತ್ತು ಮುರಿದ ಜಾಗದ ಅಕ್ಕಪಕ್ಕದಲ್ಲಿ ಬಿರುಕು ಹೆಚ್ಚು. ಅನುಭವಿ ಕಮ್ಮಾರರು ಆ ಭಾಗ ಬಿಟ್ಟು ತುಂಡರಿಸುತ್ತಾರೆ. ನೀವೇ ಪಟ್ಟಿ ಒಯ್ದು ಮಾಡಿಸುವುದಾದರೆ ಮುರಿಯದ, ತೂತಿನಿಂದ ದೂರದ ತುಂಡನ್ನೇ ಕೊಡಿ. ಸಾಧ್ಯವಾದರೆ ಬಳಸದ ಹೊಸ ಪಟ್ಟಿಯ ತುಂಡನ್ನೇ ಹುಡುಕಿ.

ಅಲಗು ದಪ್ಪ ಇದ್ದಷ್ಟೂ ಗಟ್ಟಿ ಅಲ್ವಾ? 8 ಎಂ.ಎಂ. ಮಾಡಿಸಲಾ?

ಬೇಡ. ದಪ್ಪ ಎರಡರಷ್ಟಾದರೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ಎಂಟರಷ್ಟಾಗುತ್ತದೆ. ಅಂದರೆ 5 ಮಿ.ಮೀ. ಬೆನ್ನೇ ಕೈಯ ಬಲಕ್ಕೆ ಬಾಗದಷ್ಟು ಬಿಗಿ, ಅದರಾಚೆಗಿನದು ಬರೀ ಭಾರ. 8 ಮಿ.ಮೀ. ಅಲಗು ಮರದೊಳಗೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಸೋತ ಕೈಯೇ ಗಾಯಕ್ಕೆ ದಾರಿ.

ಬೆನ್ನಿಗಿಂತ ನೋಡಬೇಕಾದ ಜಾಗ ಬಾಯಿಯ ಹಿಂಭಾಗ, ಮಸೆದ ಪಟ್ಟೆ ಶುರುವಾಗುವ ಗೆರೆ. ಅಲ್ಲಿ ಕಡಿಯುವ ಕತ್ತಿಗೆ 0.7ರಿಂದ 1 ಮಿ.ಮೀ., ಚೂರಿಗೆ 0.4ರಿಂದ 0.6 ಮಿ.ಮೀ. ಇದ್ದರೆ ಹದ. ದಪ್ಪ ಅಳೆಯುವ ವರ್ನಿಯರ್ ಇಟ್ಟರೆ ಅಂಗಡಿಯಲ್ಲೇ ತಿಳಿಯುತ್ತದೆ. ಬೆನ್ನು ಹಿಡಿಯ ಹತ್ತಿರ 5-6 ಮಿ.ಮೀ. ಇದ್ದು ಮೂತಿಯತ್ತ 3 ಮಿ.ಮೀ.ಗೆ ಇಳಿಯುತ್ತಾ ಹೋಗಬೇಕು. ಬಡಿದು ಮಾಡಿದ ಕತ್ತಿಯಲ್ಲಿ ಈ ಇಳಿಜಾರು ಸುತ್ತಿಗೆಯ ಕೆಲಸದಲ್ಲೇ ಬರುತ್ತದೆ, ತಗಡು ಕತ್ತರಿಸಿ ಮಾಡಿದ ಅಗ್ಗದ ಅಲಗು ಉದ್ದಕ್ಕೂ ಒಂದೇ ದಪ್ಪ ಇರುತ್ತದೆ. ಕೈಗೆ ತೆಗೆದುಕೊಂಡ ಕೂಡಲೇ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹಿಡಿ ಹೇಗಿರಬೇಕು? 'ಫುಲ್ ಟ್ಯಾಂಗ್' ಇಲ್ಲದಿದ್ರೆ ಕೊಳ್ಳಬೇಡಿ ಅಂತಾರೆ, ನಮ್ಮೂರ ಕತ್ತಿಗೆ ಅದು ಇರೋದೇ ಇಲ್ಲ.

ಟ್ಯಾಂಗ್ ಎಂದರೆ ಹಿಡಿಯೊಳಗೆ ಹೋಗುವ ಅಲಗಿನ ಬಾಲ. ಹಿಡಿಯಷ್ಟೇ ಅಗಲದ ಬಾಲಕ್ಕೆ ಎರಡೂ ಕಡೆ ಮರ ಕೂರಿಸಿ ರಿವೆಟ್ ಹೊಡೆದರೆ ಫುಲ್ ಟ್ಯಾಂಗ್. ಬಾಲವನ್ನು ಮೊಳೆಯಂತೆ ಕಿರಿದು ಮಾಡಿ ಇಡಿಯ ಮರದೊಳಗೆ ಇಳಿಸಿ, ಅದು ಒಳಹೋಗುವ ಕಡೆ ಹಿಡಿಗೆ ಲೋಹದ ಬಳೆ ಹಾಕುವುದು ನಮ್ಮ ಕತ್ತಿಯ ಪದ್ಧತಿ.

4 ಇಂಚಿನ ಚೂರಿಗೆ ಫುಲ್ ಟ್ಯಾಂಗ್ ನಿಜಕ್ಕೂ ಒಳ್ಳೆಯದು. ದೊಡ್ಡ ಕತ್ತಿಗೆ ಅದು ಕಡ್ಡಾಯವಲ್ಲ. ಮೊಳೆಬಾಲದ ಹಿಡಿ ಕೈಗೆ ಬರುವ ಅದುರನ್ನು ಕಡಿಮೆ ಮಾಡುತ್ತದೆ, ಹಿಡಿಯ ತೂಕ ಇಳಿಸಿ ಭಾರವನ್ನು ಮೂತಿಯ ಕಡೆ ಇಡುತ್ತದೆ, ಹಿಡಿ ಮುರಿದರೆ ಅರ್ಧ ಗಂಟೆಯಲ್ಲಿ ಹೊಸದು ಹಾಕಬಹುದು. ಅದು ಸೋಲುವುದು ಮೂರು ತಪ್ಪಿನಿಂದ. ಒಂದನೆಯದು ಅಲಗು ಮತ್ತು ಬಾಲ ಸೇರುವಲ್ಲಿ ಚೌಕದ ಮೂಲೆ ಬಿಟ್ಟಿರುವುದು. ಪ್ರತಿ ಪೆಟ್ಟಿನ ಬಲವೂ ಆ ಮೂಲೆಯಲ್ಲಿ ಕೂಡಿಕೊಂಡು ಬಿರುಕು ಶುರುವಾಗುತ್ತದೆ. ಅಲ್ಲಿ ಕಿರುಬೆರಳ ತುದಿಯಷ್ಟು ದುಂಡು ತಿರುವು ಇರಬೇಕು. ಎರಡನೆಯದು ಬಾಲವನ್ನೂ ಅಲಗಿನಷ್ಟೇ ಗಡಸು ಮಾಡಿರುವುದು. ಅದು ಮೆತ್ತಗೇ ಇರಬೇಕು. ಮೂರನೆಯದು ಗಿಡ್ಡ ಬಾಲ. ಹಿಡಿ 12 ಸೆಂ.ಮೀ. ಇದ್ದರೆ ಬಾಲ ಕನಿಷ್ಠ 8 ಸೆಂ.ಮೀ. ಒಳಗಿರಲಿ.

ಹಿಡಿಗೆ ಹುಣಸೆ, ಜಾಲಿ, ಪೇರಲ, ಬೀಟೆಯಂಥ ಎಳೆ ಬಿಗಿಯಾದ ಮರ ಆಗುತ್ತದೆ. ಎಳೆ ಹಿಡಿಯ ಉದ್ದಕ್ಕೇ ಓಡಬೇಕು. ಅಡ್ಡ ಹೊರಳಿದರೆ ಅಲ್ಲೇ ಸೀಳು. ತೇಗ ಕೊಳೆಯುವುದಿಲ್ಲವಾದರೂ ಪೆಟ್ಟಿಗೆ ಸೀಳುವ ಗುಣ ಇದೆ. ಅಡ್ಡಕೊಯ್ತ ಮೊಟ್ಟೆಯಾಕಾರದಲ್ಲಿ, ಸುಮಾರು 32×25 ಮಿ.ಮೀ. ಇರಲಿ. ದುಂಡು ಹಿಡಿ ಕೈಯೊಳಗೆ ಉರುಳುತ್ತದೆ, ಕತ್ತಲಲ್ಲಿ ಬಾಯಿ ಯಾವ ಕಡೆಗಿದೆ ಎಂದೂ ತಿಳಿಯುವುದಿಲ್ಲ. ಕೊನೆಗೆ ಕಿರುಬೆರಳು ಸಿಕ್ಕುವ ಹಾಗೆ ಕೆಳಬಾಗು ಬೇಕು. ಮಳೆಯಲ್ಲಿ ಕತ್ತಿ ಕೈಬಿಟ್ಟು ಹಾರದಂತೆ ತಡೆಯುವುದು ಅದೊಂದೇ. ಫಳಫಳ ವಾರ್ನಿಷ್ ಇದ್ದರೆ ಕೆರೆದು ತೆಗೆದು ಎಣ್ಣೆ ಹಚ್ಚಿ.

ಸಂತೆಯಲ್ಲಿ ನಿಂತು ಹೇಗೆ ಪರೀಕ್ಷೆ ಮಾಡೋದು? ಎಲ್ಲ ಒಂದೇ ಥರ ಕಾಣುತ್ತೆ.

ಬಾಯಿಯನ್ನು ಬೆಳಕಿಗೆ ಹಿಡಿದು ಹಿಡಿಯ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ. ಗೆರೆ ನೆಟ್ಟಗೆ ಹೋಗಬೇಕು. ತಿರುಚಿದ್ದರೆ ಪೆಟ್ಟು ಪಕ್ಕಕ್ಕೆ ಜಾರುತ್ತದೆ. ಆಮೇಲೆ ಇಡೀ ಅಲಗನ್ನು, ಮುಖ್ಯವಾಗಿ ಬಾಯಿಯ ಅಂಚನ್ನು, ಕೂದಲೆಳೆಯ ಬಿರುಕಿಗಾಗಿ ಹುಡುಕಿ. ಕಪ್ಪು ಬಣ್ಣ ಬಳಿದಿದ್ದರೆ ಬಿರುಕು ಮುಚ್ಚಿಹೋಗಿರುತ್ತದೆ, ಬಣ್ಣ ಬಳಿಯದ್ದನ್ನು ಕೇಳಿ. ಹಿಡಿ ಹಾಕದ ಅಲಗಾದರೆ ಬಾಲವನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ಮೊಳೆಯಿಂದ ತಟ್ಟಿ. ಗಂಟೆಯಂತೆ ಎಳೆದು ನಾದ ಬಂದರೆ ಸರಿ, ಒಡಕು ದನಿ ಬಂದರೆ ಒಳಗೆ ಬಿರುಕು ಇರಬಹುದು, ಬಿಟ್ಟುಬಿಡಿ.

ಗಡಸುತನಕ್ಕೆ ಚಿಕ್ಕ ಅರ ಒಯ್ಯಿರಿ. ಮಾರುವವರನ್ನು ಕೇಳಿಕೊಂಡು ಬಾಯಿಯ ಹತ್ತಿರ ಒಮ್ಮೆ ಉಜ್ಜಿ. ಮೊಳೆಯ ಮೇಲೆ ಹರಿದಂತೆ ಸಲೀಸಾಗಿ ಕಚ್ಚಿದರೆ ಮೆತು, ಗಾಜಿನ ಮೇಲಿಟ್ಟಂತೆ ಪೂರ್ತಿ ಜಾರಿದರೆ ಅತಿ ಗಡಸು. ಕಷ್ಟಪಟ್ಟು ಸ್ವಲ್ಪ ಕಚ್ಚಿದರೆ ಅದೇ ನಿಮ್ಮ ಕತ್ತಿ.

ಮನೆಗೆ ತಂದು ಮಸೆದ ಮೇಲೆ ಹಿತ್ತಾಳೆ ಸರಳಿನ ಪರೀಕ್ಷೆ ಮಾಡಿ. 6 ಮಿ.ಮೀ. ಸರಳನ್ನು ಮೇಜಿಗೆ ಬಿಗಿದು, ಅಲಗನ್ನು ಸುಮಾರು 15 ಡಿಗ್ರಿ ವಾಲಿಸಿ, ಬಾಯಿಯನ್ನು ಅದರ ಮೇಲೆ ಒತ್ತಿ ನಿಧಾನ ಎಳೆಯಿರಿ. ತೆಳು ಬಾಯಿ ಚೂರು ಬಾಗಿ ಮತ್ತೆ ನೆಟ್ಟಗಾದರೆ ಹದ ಸರಿ. ಬಾಗಿದ್ದು ಬಾಗಿದಂತೆ ಉಳಿದರೆ ಮೆತು, ಕಿರುಚೂರು ಎದ್ದರೆ ಗಡಸು. ಕನ್ನಡಕ ಹಾಕಿಕೊಂಡೇ ಮಾಡಿ.

ಅಲೆ ಅಲೆ ಡಿಸೈನ್ ಇರೋ 'ಡಮಾಸ್ಕಸ್' ಜಾಸ್ತಿ ಗಟ್ಟಿನಾ?

ಈಗ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಎರಡು ಉಕ್ಕನ್ನು ಪದರವಾಗಿ ಬೆಸೆದು ಆಸಿಡ್‌ನಲ್ಲಿ ಅದ್ದಿ ತೆಗೆದ ಚಿತ್ತಾರ. ಚೆನ್ನಾಗಿ ಬೆಸೆದಿದ್ದರೆ ಒಂಟಿ ಉಕ್ಕಿನಷ್ಟೇ ಒಳ್ಳೆಯದು, ಬೆಸುಗೆ ತಪ್ಪಿದ್ದರೆ ಪದರ ಬಿಡುತ್ತದೆ. ಒರಟು ಕೆಲಸಕ್ಕೆ ಅದರ ಹೆಚ್ಚುವರಿ ಬೆಲೆ ಕೊಡಬೇಕಿಲ್ಲ. ಹಳೆಯ ಡಮಾಸ್ಕಸ್ ಖಡ್ಗಗಳ ಉಕ್ಕು ಬೇರೆ. ಅದು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ್ದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹಳ್ಳಿಗಳಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಉಕ್ಕಿಗಿರುವ 'ವೂಟ್ಸ್' ಎಂಬ ಇಂಗ್ಲಿಷ್ ಹೆಸರಿನ ಮೂಲ ನಮ್ಮ 'ಉಕ್ಕು' ಎಂದೇ ಬಹಳ ವಿದ್ವಾಂಸರು ಹೇಳುತ್ತಾರೆ.

ಬಸ್ಸಲ್ಲಿ, ಬೈಕಲ್ಲಿ ಒಯ್ದರೆ ಪೊಲೀಸರು ಹಿಡೀತಾರಾ?

ಶಸ್ತ್ರಾಸ್ತ್ರ ಕಾಯ್ದೆ 1959 ಮತ್ತು ಅದರಡಿಯ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಇಟ್ಟಿವೆ. ಆದರೆ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಅದೇ ಸಾಲಿನಲ್ಲಿ ಹೊರಗಿಟ್ಟಿವೆ. ತೋಟದ ಕತ್ತಿ ಆ ವಿನಾಯಿತಿಯಲ್ಲಿ ಬರುತ್ತದೆ. ಆದರೂ ಎಲ್ಲಿ, ಯಾಕೆ ಒಯ್ಯುತ್ತೀರಿ ಎನ್ನುವುದೇ ಮುಖ್ಯ. ಬಾಯಿಗೆ ಗೋಣಿ ಸುತ್ತಿ, ಚೀಲದ ಅಡಿಯಲ್ಲಿ ಇಟ್ಟು, ಕೆಲಸದ ಜಾಗಕ್ಕೆ ನೇರ ಒಯ್ಯಿರಿ. ಕೊಂಡು ತರುವಾಗ ರಸೀದಿ ಇರಲಿ. ಜಾತ್ರೆ, ಚುನಾವಣೆ, ನಿಷೇಧಾಜ್ಞೆಯ ದಿನಗಳಲ್ಲಿ ಒಯ್ಯಲೇಬೇಡಿ. ವಿಮಾನದ ಕೈಚೀಲದಲ್ಲಿ ಚಿಕ್ಕ ಚೂರಿಗೂ ಜಾಗವಿಲ್ಲ.

## ಬಳಸುವಾಗ

ತೆಂಗಿನಕಾಯಿ ಒಡೆದು ಒಡೆದು ಬಾಯಿ ಹಲ್ಲು ಹಲ್ಲು ಆಗಿದೆ.

ಒಣ ಕರಟಕ್ಕೆ ಬಾಯಿಯಿಂದ ಹೊಡೆಯಬಾರದು. ಕಾಯಿಯನ್ನು ಅಂಗೈಯಲ್ಲಿಟ್ಟು ಕತ್ತಿಯ ಬೆನ್ನಿನಿಂದ ಅದರ ನಡುಭಾಗಕ್ಕೆ, ಕಾಯಿ ತಿರುಗಿಸುತ್ತಾ ಹೊಡೆಯಿರಿ, ನಾಲ್ಕೈದು ಪೆಟ್ಟಿಗೆ ಸುತ್ತಲೂ ಬಿರುಕು ಓಡುತ್ತದೆ. ಎಳನೀರಿನ ಮೆತ್ತನೆಯ ಸಿಪ್ಪೆಗೆ ಮಾತ್ರ ಬಾಯಿ.

ಬಿದಿರು ಸೀಳುವಾಗ ಬೇರೆ ಮರಕ್ಕಿಂತ ಬೇಗ ಹರಿತ ಹೋಗುತ್ತೆ. ಕತ್ತಿ ಸರಿಯಿಲ್ವಾ?

ಕತ್ತಿಯ ತಪ್ಪಲ್ಲ. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇದೆ, ಅಂದರೆ ನೀವು ಸಣ್ಣಗೆ ಮರಳನ್ನೇ ಕೊಯ್ಯುತ್ತಿದ್ದೀರಿ. ಕಡಿಯುವಾಗ ಗೆಣ್ಣಿನ ಮೇಲೆ ನೇರ ಹೊಡೆಯದೆ, ಅದರಿಂದ ಎರಡು ಬೆರಳು ಆಚೆ ಓರೆಯಾಗಿ ಹೊಡೆಯಿರಿ. ಸೀಳುವಾಗ ತೆಳು ತುದಿಯಲ್ಲಿ ಬಾಯಿ ಕೂರಿಸಿ, ಮರದ ಕೊಡತಿಯಿಂದ ಬೆನ್ನಿಗೆ ತಟ್ಟಿ. ಸೀಳು ಒಮ್ಮೆ ಓಡತೊಡಗಿದ ಮೇಲೆ ಬಾಯಿಗೆ ಕೆಲಸವೇ ಇಲ್ಲ, ಅಲಗಿನ ದಪ್ಪವೇ ಮುಂದೆ ಸೀಳುತ್ತದೆ. ಸಿಕ್ಕಿಕೊಂಡಾಗ ಪಕ್ಕಕ್ಕೆ ತಿರುಚಬೇಡಿ. ಮುಕ್ಕಾದ ಬಾಯಿಗಳಲ್ಲಿ ಬಹುಪಾಲು ತಿರುಚಿದ್ದರಿಂದ ಆದದ್ದು. ಕಬ್ಬಿಣದ ಸುತ್ತಿಗೆಯಿಂದಂತೂ ಬೆನ್ನಿಗೆ ಹೊಡೆಯಲೇಬೇಡಿ. ಬೆನ್ನು ಹೂವಿನಂತೆ ಅರಳಿ, ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ.

ಹಿಡಿ ಅಲ್ಲಾಡ್ತಿದೆ. ನೀರಲ್ಲಿ ನೆನೆಸಿಟ್ರೆ ಸರಿಹೋಗುತ್ತೆ ಅಂತಾರೆ.

ಎರಡು ದಿನ ಸರಿಹೋಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಒಳಗೆ ಬಾಲಕ್ಕೆ ತುಕ್ಕು ಬೇರೆ. ಹಿಡಿಯನ್ನು ಕಳಚಿ, ಬಾಲದ ತುಕ್ಕು ಕೆರೆದು, ತೂತು ಒಣಗಿಸಿ. ಅರಗು ಅಥವಾ ರಾಳದ ಪುಡಿಯನ್ನು ತೂತಿಗೆ ತುಂಬಿ, ಬಾಲದ ತುದಿಯನ್ನಷ್ಟೇ ಬಿಸಿ ಮಾಡಿ ಒಳಗಿಳಿಸಿ, ತಣ್ಣಗಾಗುವವರೆಗೆ ಅಲ್ಲಾಡಿಸಬೇಡಿ. ಬಿಸಿ ಮಾಡುವಾಗ ಅಲಗಿಗೆ ಒದ್ದೆ ಬಟ್ಟೆ ದಪ್ಪಗೆ ಸುತ್ತಿರಬೇಕು, ಇಲ್ಲದಿದ್ದರೆ ಶಾಖ ಏರಿ ಬಾಯಿಯ ಹದ ಹೋಗುತ್ತದೆ. ಬೆಂಕಿ ಬೇಡವೆನ್ನುವವರಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಆಗುತ್ತದೆ. ಪೂರ್ತಿ 24 ಗಂಟೆ ಬಿಡಿ.

ಮಳೆಗಾಲದಲ್ಲಿ ತುಕ್ಕು ತಡೆಯೋಕೆ ಏನು ಹಚ್ಚಬೇಕು?

ಮೊದಲು ತೊಳೆದು ಒರೆಸಿ ಒಣಗಿಸಿ, ಎಣ್ಣೆ ಆಮೇಲೆ. ಒದ್ದೆಯ ಮೇಲೆ ಎಣ್ಣೆ ಹಚ್ಚಿದರೆ ನೀರು ಕೆಳಗೇ ಉಳಿಯುತ್ತದೆ. ತೆಂಗಿನೆಣ್ಣೆ ದಿನಬಳಕೆಗೆ ಸಾಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಹೊಲಿಗೆ ಯಂತ್ರದ ಎಣ್ಣೆ ಅಥವಾ ಗ್ರೀಸ್ ಉತ್ತಮ. ಚರ್ಮದ ಒರೆಯಲ್ಲಿ ಇಟ್ಟು ಮರೆತುಬಿಡಬೇಡಿ, ಚರ್ಮ ತೇವ ಹೀರಿಕೊಂಡು ಅಲಗಿಗೆ ಅಂಟಿಸುತ್ತದೆ. ಅಡುಗೆಮನೆಯ ಅಟ್ಟದ ಮೇಲೆ, ಗಾಳಿಯಾಡುವಲ್ಲಿ ತೂಗುಹಾಕುವ ಹಳೆಯ ಅಭ್ಯಾಸವೇ ಸರಿ.

## ಮಸೆಯುವುದು

ಯಾವ ಕೋನದಲ್ಲಿ ಮಸೆಯಬೇಕು? ಡಿಗ್ರಿ ಅಳೆಯೋದು ಹೇಗೆ?

ಕಡಿಯುವ ಕತ್ತಿಗೆ ಒಂದೊಂದು ಬದಿಗೂ 25 ಡಿಗ್ರಿ, ಚೂರಿಗೆ 20. ಅಳೆಯಲು ಬೆನ್ನು ಕಲ್ಲಿನಿಂದ ಎಷ್ಟು ಎತ್ತರದಲ್ಲಿದೆ ನೋಡಿದರೆ ಸಾಕು. ಅಲಗಿನ ಅಗಲ 40 ಮಿ.ಮೀ. ಇದ್ದರೆ 25 ಡಿಗ್ರಿಗೆ ಬೆನ್ನು 17 ಮಿ.ಮೀ. ಎತ್ತರ. 25 ಮಿ.ಮೀ. ಅಗಲದ ಚೂರಿಗೆ 20 ಡಿಗ್ರಿ ಎಂದರೆ 8.5 ಮಿ.ಮೀ. ಆ ಎತ್ತರದ ಮರದ ಚಕ್ಕೆಯನ್ನು ಬೆನ್ನಿನ ಕೆಳಗಿಟ್ಟು ಒಮ್ಮೆ ನೋಡಿಕೊಂಡರೆ ಕೈಗೆ ನೆನಪಾಗುತ್ತದೆ.

ಒರಟು ಕಲ್ಲಿನ ಮೇಲೆ, 120ರಿಂದ 240 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ), ಒಂದೇ ಬದಿ ಮಸೆಯುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯತ್ತ ಸವರಿದರೆ ತಂತಿಯಂಥ ಒರಟು ಅಂಚು ಉದ್ದಕ್ಕೂ ಸಿಗಬೇಕು. ಅದು ಸಿಗುವ ಮೊದಲೇ ಬದಿ ಬದಲಿಸುವುದರಿಂದಲೇ ಗಂಟೆ ಮಸೆದರೂ ಹರಿತ ಬಾರದು. ಎರಡೂ ಬದಿ ಆದ ಮೇಲೆ 400ರ ಕಲ್ಲಿನಲ್ಲಿ, ಒತ್ತಡ ಇಳಿಸುತ್ತಾ, ಬದಿಗೊಂದರಂತೆ ಎಳೆದು ಆ ತಂತಿಯನ್ನು ತೆಗೆಯಿರಿ. ಕತ್ತಿಗೆ ಅಷ್ಟು ಸಾಕು. ಚೂರಿಗೆ 1000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಹಗ್ಗ ಕೊಯ್ಯುವುದೇ ಹೆಚ್ಚಾದರೆ 400ಕ್ಕೇ ನಿಲ್ಲಿಸಿ, ಒರಟು ಬಾಯಿ ನಾರನ್ನು ಚೆನ್ನಾಗಿ ಕಚ್ಚುತ್ತದೆ.

ಗ್ರೈಂಡರ್‌ನಲ್ಲಿ ಮಸೆಸಿದ ಮೇಲೆ ಒಂದು ದಿನವೂ ಬಾಯಿ ನಿಲ್ಲುತ್ತಿಲ್ಲ.

ಬಾಯಿ ಸುಟ್ಟಿದೆ. ಒಣ ಚಕ್ರದ ಮೇಲೆ ತೆಳು ಅಂಚು ಕೆಲವೇ ಕ್ಷಣದಲ್ಲಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀಲಿ ಬಣ್ಣ ಕಂಡಿದ್ದರೆ ಅಲ್ಲಿನ ಹದ ಹೋಯಿತೆಂದೇ ಅರ್ಥ, ಬಣ್ಣ ಉಜ್ಜಿ ತೆಗೆದರೂ ಉಕ್ಕು ಮೆತ್ತಗೇ. ಕೈಕಲ್ಲಿನ ಮೇಲೆ ನೀರು ಹಾಕಿಕೊಂಡು 1-2 ಮಿ.ಮೀ. ಸವೆಸಿ ಗಟ್ಟಿ ಉಕ್ಕಿನವರೆಗೆ ಹೋಗುವುದೊಂದೇ ದಾರಿ. ಇನ್ನು ಮುಂದೆ ಗ್ರೈಂಡರ್ ಬಳಸಲೇಬೇಕಾದರೆ ಪ್ರತಿ ಸಲ ಎಳೆದ ಮೇಲೂ ನೀರಿಗೆ ಅದ್ದಿ. ಬರಿಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ.

## ಆಳಕ್ಕೆ ಹೋಗುವವರಿಗೆ

ಕುಲುಮೆಯವರಿಗೆ ಹದ ಹೇಗೆ ಕೊಡಬೇಕು ಅಂತ ಹೇಳಲಿ? ನೀರಿಗಾ, ಎಣ್ಣೆಗಾ?

ಕಮಾನು ಪಟ್ಟಿಗೆ ಎಣ್ಣೆ. ಅದು ಎಣ್ಣೆಯಲ್ಲೇ ಗಡಸಾಗುವ ಉಕ್ಕು. ನೀರು ತೀರಾ ವೇಗವಾಗಿ ತಣಿಸಿ ಬಾಯಿಯಲ್ಲಿ ಬಿರುಕು ಹುಟ್ಟಿಸಬಹುದು. ಬಡಿದು ಮುಗಿದ ಮೇಲೆ ಒಮ್ಮೆ ಕೆಂಪಗೆ ಕಾಯಿಸಿ ಗಾಳಿಯಲ್ಲೇ ತಣಿಯಲು ಬಿಡಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಬಡಿಯಲು ಮತ್ತೆ ಮತ್ತೆ ಕಾಯಿಸಿದ್ದರಿಂದ ಒರಟಾದ ಉಕ್ಕಿನ ಕಣ ಮತ್ತೆ ಸಣ್ಣಗಾಗುತ್ತದೆ. ಅವಸರದಲ್ಲಿ ಬಿಟ್ಟುಹೋಗುವ ಹಂತ ಇದೇ, ಒತ್ತಾಯಿಸಿ ಮಾಡಿಸಿ.

ಮುಂದೆ ಅದ್ದುವುದು. ಉಕ್ಕು ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಹೆಚ್ಚು ಕೆಂಪು, ಸುಮಾರು 830 ಡಿಗ್ರಿ. ನೆರಳಲ್ಲಿ ನೋಡಬೇಕು, ಬಿಸಿಲಲ್ಲಿ ಕೆಂಪು ಮಂಕಾಗಿ ಕಾಣುವುದರಿಂದ ಅತಿಯಾಗಿ ಕಾಯಿಸಿಬಿಡುತ್ತಾರೆ. 50-60 ಡಿಗ್ರಿಗೆ ಬಿಸಿ ಮಾಡಿದ ಎಣ್ಣೆಗೆ ಬಾಯಿ ಕೆಳಗಾಗಿ ಇಳಿಸಿ. ತಣ್ಣನೆಯ ಎಣ್ಣೆ ಮಂದವಾಗಿ ನಿಧಾನಕ್ಕೆ ತಣಿಸುತ್ತದೆ. ಹೊಗೆ, ಜ್ವಾಲೆ ಎದ್ದೀತು, ಪಕ್ಕದಲ್ಲಿ ಕಬ್ಬಿಣದ ಮುಚ್ಚಳ ಇರಲಿ.

ಈಗ ಅಲಗು ಗಾಜಿನಂತೆ ಒಡೆಯುವ ಸ್ಥಿತಿಯಲ್ಲಿರುತ್ತದೆ, ಅದೇ ದಿನ ಮತ್ತೆ ಮೆಲ್ಲಗೆ ಕಾಯಿಸಿ ಗಡಸನ್ನು ಸ್ವಲ್ಪ ಇಳಿಸಬೇಕು. ಬಾಯಿಯ ಹತ್ತಿರ ಉಜ್ಜಿ ಬೆಳ್ಳಗೆ ಮಾಡಿಕೊಂಡು, ಬೆನ್ನಿನ ಕಡೆಯಿಂದ ಶಾಖ ಕೊಡುತ್ತಾ ಬಣ್ಣ ಓಡುವುದನ್ನು ನೋಡಿ: ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಚೂರಿಯ ಬಾಯಿಗೆ ಹಳದಿ ಸಾಕು. ಕಡಿಯುವ ಕತ್ತಿಯ ಬಾಯಿಗೆ ಕಂದಿನಿಂದ ನೇರಳೆ ಬರಲಿ, ಬೆನ್ನು ನೀಲಿ ದಾಟಿದರೂ ಒಳ್ಳೆಯದೇ. ಮನೆಯಲ್ಲಿ ಓವನ್ ಇದ್ದರೆ 250 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಡುವುದು ಬಣ್ಣಕ್ಕಿಂತ ನಂಬಿಕಸ್ತ.

ಕತ್ತಿ ಮುರಿದೇ ಹೋಯ್ತು. ಯಾಕೆ ಮುರೀತು ಅಂತ ಗೊತ್ತಾಗುತ್ತಾ?

ಮುರಿದ ಮುಖ ಎಲ್ಲ ಹೇಳುತ್ತದೆ, ಕೈ ಮುಟ್ಟಿಸಿ ಎಣ್ಣೆ ಮಾಡುವ ಮೊದಲು ಬೆಳಕಲ್ಲಿ ನೋಡಿ. ಸಕ್ಕರೆ ಹರಳಿನಂತೆ ಮಿನುಗಿದರೆ ಅದ್ದುವ ಮೊದಲು ಅತಿಯಾಗಿ ಕಾಯಿಸಿದ್ದಾರೆ, ಕಣ ದೊಡ್ಡದಾಗಿದೆ. ರೇಷ್ಮೆಯಂತೆ ನಯವಾದ ಬೂದು ಬಣ್ಣ ಇದ್ದರೆ ಕಾಯಿಸಿದ್ದು ಸರಿ. ಅದ್ದಿದ ಮೇಲೆ ಗಡಸು ಇಳಿಸದೆ ಬಿಟ್ಟಿರಬೇಕು ಅಥವಾ ಪಕ್ಕಕ್ಕೆ ಮೀಟಿದ್ದೀರಿ. ಮುಖದ ಒಂದು ಮೂಲೆ ಮಾತ್ರ ಕಪ್ಪಾಗಿ ಅಥವಾ ತುಕ್ಕು ಬಣ್ಣದಲ್ಲಿದ್ದರೆ ಅದು ಹಳೆಯ ಬಿರುಕು: ಕಪ್ಪಾದರೆ ಕುಲುಮೆಯಲ್ಲೇ ಇತ್ತು, ತುಕ್ಕಾದರೆ ಬಳಸುವಾಗ ನಿಧಾನಕ್ಕೆ ಬೆಳೆದದ್ದು. ಬಾಲದ ಬುಡದಲ್ಲಿ ಮುರಿದಿದ್ದರೆ ಮೂಲೆ ದುಂಡಗಿತ್ತೇ ನೋಡಿ.

ಮುರಿದಲ್ಲಿ ವೆಲ್ಡಿಂಗ್ ಮಾಡಿಸಿ ಮತ್ತೆ ಬೀಸಬೇಡಿ. ಬೆಸುಗೆಯ ಪಕ್ಕದ ಉಕ್ಕು ಒಮ್ಮೆಗೆ ಕಾದು ಒಮ್ಮೆಗೆ ತಣಿದು ಅಲ್ಲೇ ಪೆಡಸಾಗುತ್ತದೆ, ಮುಂದಿನ ಸಲ ತುಂಡು ಹಾರುವುದು ಪಕ್ಕದಲ್ಲಿ ನಿಂತವರತ್ತ. ಸಕ್ಕರೆ ಹರಳು ಕಂಡ ತುಂಡನ್ನು ಗುಜರಿಗೆ ಹಾಕಬೇಕಿಲ್ಲ. ಅದೇ ಕಮ್ಮಾರರ ಬಳಿ ಒಯ್ದು ಮುರಿದ ಮುಖ ತೋರಿಸಿ, ಮೇಲೆ ಹೇಳಿದಂತೆ ಗಾಳಿಯಲ್ಲಿ ತಣಿಸುವ ಹಂತದಿಂದ ಶುರುಮಾಡಿ ಚಿಕ್ಕ ಚೂರಿಯಾಗಿ ಬಡಿಸಿಕೊಳ್ಳಿ. 5 ಇಂಚು ಉಳಿದಿದ್ದರೂ ಸಾಕು.